ಓದುಗರ ಪ್ರಶ್ನೆ: ಗುಟ್ಟು ಮುಲಾಮಿನಲ್ಲಿತ್ತೇ?

ಪ್ರಶ್ನೆ: ನಾವು ಎಂಟು ಮಂದಿ ಹೆಂಗಸರು ಕುಟುಂಬಶ್ರೀ ಎಂಬ ಕೇರಳದ ಮಹಿಳಾ ಸ್ವಸಹಾಯ ಯೋಜನೆಯ ಘಟಕದಲ್ಲಿ ಬ್ರಾಹ್ಮಿ, ದಾಸವಾಳ ಹಾಕಿ ತಲೆಗೆ ಹಚ್ಚುವ ತೆಂಗಿನೆಣ್ಣೆ ಕಾಯಿಸಿ ಮಾರುತ್ತೇವೆ. ಕೊಂಡವರೆಲ್ಲ ಮೆಚ್ಚಿದರೂ ವ್ಯಾಪಾರ ನಮ್ಮ ಪಂಚಾಯತಿಯನ್ನು ದಾಟುತ್ತಿಲ್ಲ. ಬಟ್ಟೆ ಒಗೆಯುತ್ತಿದ್ದ ಅಮೆರಿಕದ ಕಪ್ಪು ಮಹಿಳೆಯೊಬ್ಬರು ಕೂದಲಿನ ಮುಲಾಮು ಮಾರಿ ಶ್ರೀಮಂತರಾದರೆಂದು ತರಬೇತಿಯಲ್ಲಿ ಕೇಳಿದೆವು. ಅವರ ಬಳಿ ಯಾವ ರಹಸ್ಯ ಪಾಕವಿತ್ತು?
– ಓದುಗರೊಬ್ಬರು, ಪೆರ್ಲ, ಕಾಸರಗೋಡು ಜಿಲ್ಲೆ

ಉತ್ತರ: ನೀವು ಕೇಳಿರುವುದು ಮೇಡಂ ಸಿ. ಜೆ. ವಾಕರ್ ಎಂದು ಹೆಸರಾದ ಸಾರಾ ಬ್ರೀಡ್‌ಲವ್ ಅವರ ವಿಚಾರ. ಗುಲಾಮರಾಗಿದ್ದು ಬಿಡುಗಡೆ ಹೊಂದಿದ ತಂದೆತಾಯಿಗೆ 1867ರಲ್ಲಿ ಲೂಸಿಯಾನಾದ ಡೆಲ್ಟಾ ಎಂಬಲ್ಲಿ ಹುಟ್ಟಿದ ಅವರು ಏಳನೆಯ ವಯಸ್ಸಿನಲ್ಲಿ ತಬ್ಬಲಿಯಾದರು, ಹದಿನಾಲ್ಕರಲ್ಲಿ ಮದುವೆಯಾದರು, ಇಪ್ಪತ್ತರಲ್ಲಿ ಪುಟ್ಟ ಮಗಳೊಡನೆ ವಿಧವೆಯಾದರು. ಅಣ್ಣಂದಿರು ಕ್ಷೌರಿಕರಾಗಿದ್ದ ಸೇಂಟ್ ಲೂಯಿಸ್ ನಗರಕ್ಕೆ ಹೋಗಿ, ದಿನಕ್ಕೆ ಒಂದೂವರೆ ಡಾಲರ್ ದಾಟದ ಕೂಲಿಗೆ ವರ್ಷಗಟ್ಟಲೆ ಬಟ್ಟೆ ಒಗೆದರು.

ರಹಸ್ಯ ಪಾಕ ಇತ್ತೆಂದು ನಾನು ಹೇಳಲಾರೆ. ಮನೆಯೊಳಗೆ ನಲ್ಲಿನೀರಿಲ್ಲದೆ ತಲೆಸ್ನಾನವೇ ಅಪರೂಪವಾಗಿದ್ದ ಆ ಕಾಲದಲ್ಲಿ ನೆತ್ತಿಯ ರೋಗದಿಂದ ಕೂದಲು ಉದುರುವುದು ಸಾಮಾನ್ಯವಾಗಿತ್ತು. ಸಾರಾ ಅವರ ಕೂದಲೂ ಹಾಗೆಯೇ ಉದುರಿತ್ತು. ಅವರ ಮುಲಾಮಿನಲ್ಲಿದ್ದ ಗಂಧಕ ಆಗಲೇ ಬಳಕೆಯಲ್ಲಿದ್ದ ಔಷಧ. ಅಷ್ಟೇ ಅಲ್ಲ, ಅವರು ಮೊದಲು ಮಾರಿದ್ದು ಆನಿ ಮಲೋನ್ ಎಂಬ ಮತ್ತೊಬ್ಬ ಕಪ್ಪು ಮಹಿಳಾ ಉದ್ಯಮಿಯ ಸರಕನ್ನು. ವಾಕರ್ ಅವರನ್ನು ಹೊಗಳುವಾಗ ಮಲೋನ್ ಅವರನ್ನು ಮರೆಯುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ವಾಕರ್ ಅವರ ನಿಜವಾದ ಬಂಡವಾಳವೆಂದರೆ ಮಾರುವ ಹೆಂಗಸರು. 1906ರಲ್ಲಿ ಡೆನ್ವರ್‌ನಲ್ಲಿ ಚಾರ್ಲ್ಸ್ ಜೋಸೆಫ್ ವಾಕರ್ ಅವರನ್ನು ಮದುವೆಯಾಗಿ, ಆ ಹೆಸರಿನಲ್ಲೇ ಸ್ವಂತ ಸರಕು ಹೊರಡಿಸಿ, ಊರಿಂದೂರಿಗೆ ತಿರುಗಿ ಮನೆಗಳಲ್ಲಿ ಅದರ ಬಳಕೆಯನ್ನು ತಾವೇ ತೋರಿಸಿದರು. 1908ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ತರಬೇತಿ ಶಾಲೆಯನ್ನು, 1910ರಲ್ಲಿ ಇಂಡಿಯಾನಾಪೊಲಿಸ್‌ಗೆ ನೆಲೆ ಬದಲಿಸಿ ಅಲ್ಲಿ ಕಾರ್ಖಾನೆಯನ್ನು ತೆರೆದರು. ನೆತ್ತಿಯನ್ನು ತೊಳೆಯುವ ಕ್ರಮ, ಮುಲಾಮು ಹಚ್ಚುವ ರೀತಿ, ಗಿರಾಕಿಯೊಡನೆ ನಡೆದುಕೊಳ್ಳುವ ಬಗೆ ಎಲ್ಲವನ್ನೂ ಕಲಿತು ಹೊರಟ ಸಾವಿರಾರು ಮಹಿಳೆಯರಿಗೆ, ಪರರ ಮನೆಗೆಲಸವನ್ನು ಬಿಟ್ಟರೆ ಬೇರೆ ಸಂಪಾದನೆಯ ದಾರಿಯೇ ಕಾಣದಿದ್ದ ಆ ದಿನಗಳಲ್ಲಿ, ಸ್ವಂತ ದುಡಿಮೆಯ ಹಣ ಕೈಸೇರಿತು. 1912ರ ನೀಗ್ರೋ ವ್ಯಾಪಾರಿಗಳ ಸಮ್ಮೇಳನದಲ್ಲಿ, ಅದರ ಅಧ್ಯಕ್ಷರೂ ಕಪ್ಪು ಜನರ ನಾಯಕರೂ ಆಗಿದ್ದ ಬುಕರ್ ಟಿ. ವಾಷಿಂಗ್ಟನ್ ಮಾತಾಡಲು ಅವಕಾಶ ಕೊಡದಿದ್ದಾಗ, ತಾವಾಗಿ ಎದ್ದು ನಿಂತು, ಹತ್ತಿಯ ಹೊಲದಿಂದ ಬಂದವಳು ತನ್ನದೇ ನೆಲದಲ್ಲಿ ತನ್ನದೇ ಕಾರ್ಖಾನೆ ಕಟ್ಟಿರುವೆನೆಂದು ಸಾರಿದರು. 1917ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಇನ್ನೂರಕ್ಕೂ ಹೆಚ್ಚು ಮಾರಾಟಗಾರ್ತಿಯರ ಸಭೆಯಲ್ಲಿ ಹೆಚ್ಚು ಮಾರಿದವರಿಗಷ್ಟೇ ಅಲ್ಲದೆ ಹೆಚ್ಚು ದಾನಧರ್ಮ ಮಾಡಿದವರಿಗೂ ಬಹುಮಾನ ಕೊಟ್ಟರು. 1919ರಲ್ಲಿ ತೀರಿಕೊಳ್ಳುವ ಮುನ್ನ, ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದರ ವಿರುದ್ಧದ ಹೋರಾಟಕ್ಕೆ 5000 ಡಾಲರ್ ನೀಡಿದ್ದರು.

ಆದ್ದರಿಂದ ಎಣ್ಣೆಯ ಪಾಕವನ್ನು ಬದಲಿಸುವ ಯೋಚನೆ ಬೇಡ. ಬದಿಯಡ್ಕ, ಕುಂಬಳೆ, ಉಪ್ಪಳದ ಕಡೆ ಮಾರಲು ಮನಸ್ಸಿರುವ ನಾಲ್ಕೈದು ಹೆಂಗಸರನ್ನು, ಕನ್ನಡದ ಜೊತೆಗೆ ಮಲಯಾಳವನ್ನೂ ತುಳುವನ್ನೂ ಬಲ್ಲವರನ್ನು ಹುಡುಕಿ, ನಿಮ್ಮ ಒಲೆಯ ಬಳಿಗೇ ಕರೆದು ಎಣ್ಣೆ ಕಾಯಿಸುವುದನ್ನು ಮೊದಲಿನಿಂದ ಕೊನೆಯವರೆಗೆ ತೋರಿಸಿರಿ. ಒಂದು ಬಾಟಲಿಗೆ ಅವರಿಗೆಷ್ಟು ಸಿಗುತ್ತದೆಂಬುದನ್ನು ಅಂದೇ ಬರೆದುಕೊಡಿರಿ.