ಪೆರು ನೋಡುವುದಾದರೆ ಎತ್ತರದ ಲೆಕ್ಕ ಮೊದಲು

ಪೆರುವಿನಲ್ಲಿ ಎರಡು ವಾರ ಇರುತ್ತೇವೆ, ಇಂಕಾಗಳ ಹಳೆಯ ಊರು ಮಾಚು ಪಿಚು ಬಿಟ್ಟು ಏನು ನೋಡಬಹುದು, ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ ಅಂತ ಕೇಳಿದ್ದೀರಿ. ಜಾಗಗಳ ಪಟ್ಟಿ ಆಮೇಲೆ ಮಾಡಿ. ಮೊದಲು ಯಾವ ಊರು ಎಷ್ಟು ಎತ್ತರದಲ್ಲಿದೆ ಅಂತ ನೋಡಿಕೊಳ್ಳಿ.

ಅಲ್ಲಿಯವರು ದೇಶವನ್ನು ಮೂರು ಭಾಗವಾಗಿ ನೋಡುತ್ತಾರೆ: ಕೋಸ್ತಾ, ಸಿಯೆರಾ, ಸೆಲ್ವಾ. ಕರಾವಳಿ, ಬೆಟ್ಟಸೀಮೆ, ಕಾಡು. ಕರಾವಳಿ ಅಂದ ತಕ್ಷಣ ತೆಂಗಿನ ತೋಟ ಕಣ್ಣಿಗೆ ಬರುತ್ತದೆ ಅಲ್ವಾ? ಅಲ್ಲಿ ಇರುವುದು ಮರುಭೂಮಿ. ತಣ್ಣನೆಯ ಹಂಬೋಲ್ಟ್ ಸಮುದ್ರಪ್ರವಾಹದಿಂದಾಗಿ ರಾಜಧಾನಿ ಲಿಮಾದಲ್ಲಿ ಮಳೆಯೇ ಇಲ್ಲ ಅನ್ನಬಹುದು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೂ ಅಪರೂಪ, ಬರೀ ಬೂದು ಮೋಡ. ಅದೇ ತಿಂಗಳುಗಳಲ್ಲಿ ಬೆಟ್ಟಸೀಮೆಯಲ್ಲಿ ಒಳ್ಳೆಯ ಬಿಸಿಲಿರುತ್ತದೆ. ಹಾಗಾಗಿ ಲಿಮಾಕ್ಕೆ ಎರಡು ದಿನ ಸಾಕು.

ಮಾಚು ಪಿಚುಗೆ ಹೋಗಲು ಹೆಚ್ಚಿನವರು ಲಿಮಾದಿಂದ ನೇರ ಕುಸ್ಕೊಗೆ ಹಾರುತ್ತಾರೆ. ನನಗೆ ಇದು ಒಪ್ಪಿಗೆ ಇಲ್ಲ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್; ಕುಸ್ಕೊ ಊರೇ ಸುಮಾರು 3,400 ಮೀಟರ್. ಒಮ್ಮೆಲೇ ಅಷ್ಟು ಎತ್ತರಕ್ಕೆ ಹೋದರೆ ತಲೆನೋವು, ವಾಕರಿಕೆ, ನಿದ್ದೆ ಇಲ್ಲ. ಬದಲಿಗೆ ಮೊದಲು ಅರೆಕಿಪಾದಲ್ಲಿ ತಂಗಿ. ಅದು 2,300 ಮೀಟರ್ ಆಸುಪಾಸು. ಬಿಳಿ ಜ್ವಾಲಾಮುಖಿ ಕಲ್ಲಿನ ಊರು, ಹಿಂದೆ ಮಿಸ್ತಿ ಪರ್ವತ. ಅಲ್ಲಿಂದ ಪುನೊ. ಅದರ ಪಕ್ಕದ ಟಿಟಿಕಾಕಾ ಸರೋವರ 3,800 ಮೀಟರ್ ಮೇಲಿದೆ. ಸರೋವರದ ತಾಕಿಲೆ ದ್ವೀಪದಲ್ಲಿ ಗಂಡಸರೇ ಟೋಪಿ ಹೆಣೆಯುತ್ತಾರೆ. ಮದುವೆ ಆಗಿದೆಯೋ ಇಲ್ಲವೋ ಅನ್ನುವುದು ಟೋಪಿ ನೋಡಿದರೇ ತಿಳಿಯುತ್ತದೆ! ಕುಸ್ಕೊ ಕೊನೆಗಿರಲಿ, ಅಷ್ಟರಲ್ಲಿ ಮೈ ಎತ್ತರಕ್ಕೆ ಒಗ್ಗಿರುತ್ತದೆ. ನೇರ ಅಲ್ಲಿಗೇ ಹೋಗಬೇಕಾಗಿ ಬಂದರೆ, ಇಳಿದ ದಿನವೇ ಕೆಳಗಿನ ಒಯಾಂತಾಯ್‌ತಾಂಬೊ ಊರಿಗೆ ಹೋಗಿ ಮಲಗಿ. ಮಾಚು ಪಿಚು ರೈಲೂ ಅಲ್ಲಿಂದಲೇ ಸಿಗುತ್ತದೆ. ಮಾಚು ಪಿಚು ಕುಸ್ಕೊಗಿಂತ ಸುಮಾರು ಒಂದು ಸಾವಿರ ಮೀಟರ್ ಕೆಳಗಿದೆ, ಅಲ್ಲಿ ಉಸಿರಾಟ ಸಲೀಸು.

ಕೋಕಾ (ಕೊಕೇನ್ ತೆಗೆಯುವ ಗಿಡ) ಎಲೆಯ ಚಹಾ ಬೆಟ್ಟಸೀಮೆಯ ಹೋಟೆಲುಗಳಲ್ಲಿ ಕೊಡುತ್ತಾರೆ, ಕುಡಿಯಿರಿ. ಆದರೆ ಎಲೆಯನ್ನು ಸುಮ್ನೆ ನೆನಪಿಗೆ ಅಂತ ಭಾರತಕ್ಕೆ ತರಬೇಡಿ, ಇಲ್ಲಿ ಅದು ಅಪರಾಧ.

ಕಾಡಿಗೆ ಇಕಿಟೋಸ್ ಹೆಸರುವಾಸಿ. ಆದರೆ ದೇಶದ ಉಳಿದ ಭಾಗದಿಂದ ಅಲ್ಲಿಗೆ ರಸ್ತೆಯೇ ಇಲ್ಲ, ದೋಣಿ ಇಲ್ಲವೇ ವಿಮಾನ. ನಿಮ್ಮ ಎರಡು ವಾರಕ್ಕೆ ಕುಸ್ಕೊದಿಂದ ಹೋಗಿಬರಬಹುದಾದ ಪ್ವೆರ್ತೊ ಮಾಲ್ದೊನಾದೊ ಸರಿಹೋಗುತ್ತದೆ.

ಊಟದ ಚಿಂತೆ ಬೇಡ. ಆಲೂಗಡ್ಡೆಯ ತವರೇ ಆಂಡಿಸ್. ಬೇಯಿಸಿದ ಆಲೂಗಡ್ಡೆ ಮೇಲೆ ಹಳದಿ ಮೆಣಸಿನಕಾಯಿ, ಚೀಸ್ ಅರೆದು ಸುರಿಯುವ 'ಪಾಪಾ ಆ ಲಾ ವಾಂಕಾಯಿನಾ' ತಿನ್ನಲೇಬೇಕು. ಮೇಲೆ ಮೊಟ್ಟೆ ಇಡುತ್ತಾರೆ, ಬೇಡ ಅನ್ನಿ. ಸಂತೆಯಲ್ಲಿ ದಪ್ಪ ಕಾಳಿನ ಜೋಳ, ಜೊತೆಗೆ ಚೀಸ್ ತುಂಡು ಸಿಗುತ್ತದೆ. 'ಚಿಫಾ' ಅನ್ನುವ ಚೀನೀ ಹೋಟೆಲುಗಳಲ್ಲಿ ತರಕಾರಿ ಅನ್ನ ಮಾಡಿಕೊಡುತ್ತಾರೆ. ಸೂಪ್ ಮಾತ್ರ ಕೇಳದೆ ಕುಡಿಯಬೇಡಿ, ಸಾಮಾನ್ಯವಾಗಿ ಮಾಂಸದ ನೀರಲ್ಲೇ ಕುದಿಸಿರುತ್ತಾರೆ. 'ಸಿನ್ ಕಾರ್ನೆ' (ಮಾಂಸವಿಲ್ಲದೆ) ಅಂತ ಮಾತ್ರ ಹೇಳಿದರೆ ಕೋಳಿ ಹಾಕಿ ತಂದುಬಿಡುವುದೂ ಉಂಟು. 'ನಿ ಪೋಯೊ, ನಿ ಪೆಸ್ಕಾದೊ' ಅಂತಲೂ ಸೇರಿಸಿ: ಕೋಳಿಯೂ ಬೇಡ, ಮೀನೂ ಬೇಡ.