ಮೂರು ಕಥೆ, ಮೂರು ಸೂರ್ಯಾಸ್ತ

ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಬಂದ ಹುಡುಗಿಯೊಬ್ಬಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ವಯಸ್ಸು 22, ಊರು ಕುಮಟಾ ತಾಲ್ಲೂಕಿನ ಅಘನಾಶಿನಿ ದಂಡೆಯ ಕಡೆಯದು ಎಂದಷ್ಟೇ ಇಟ್ಟುಕೊಳ್ಳಿ. ಸೃಜನಶೀಲ ಬರವಣಿಗೆಯ ಕೋರ್ಸೊಂದಕ್ಕೆ ಸೇರಿದ್ದಳು. ಕೊನೆಯಲ್ಲಿ ನಾಲ್ಕು ಕಥೆಗಳ ಜೊತೆಗೆ ತನ್ನ ಬಲ ಮತ್ತು ದೌರ್ಬಲ್ಯಗಳ ಬಗ್ಗೆ ಎರಡು ಪುಟದ ಟಿಪ್ಪಣಿಯನ್ನೂ ಕೊಡಬೇಕಿತ್ತು. ಕಥೆಗಳು ಸಿದ್ಧವಾಗಿದ್ದವು, ಟಿಪ್ಪಣಿ ಮಾತ್ರ ಮುಗಿಯಲೊಲ್ಲದು. ಮೂರು ವಾರದಿಂದ ನಿದ್ದೆಯಿಲ್ಲ, ತುತ್ತು ಗಂಟಲಿಗೆ ಇಳಿಯುತ್ತಿಲ್ಲ ಎಂದು ಅವಳ ಅಕ್ಕ ಕಾರವಾರಕ್ಕೆ, ನನ್ನಲ್ಲಿಗೆ, ಕರೆತಂದಳು.

ಮೊದಲ ಭೇಟಿಯಲ್ಲಿ ಬರವಣಿಗೆಯ ಸುದ್ದಿ ಎತ್ತಲಿಲ್ಲ. ನಿದ್ದೆ, ಊಟದ ಬಗ್ಗೆ ಕೇಳಿದೆ. ಸಾಯುವ ಯೋಚನೆ ಬಂದಿದೆಯೇ ಎಂದೂ ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ. ಬಂದಿಲ್ಲ ಎಂದಳು. ರಾತ್ರಿ ತೀರಾ ಭಾರವೆನಿಸಿದರೆ ಕೈಗೆ ಸಿಗಲಿ ಎಂದು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ಎರಡನೆಯ ಸಲ ಕರಡು ತಂದಳು. ದೌರ್ಬಲ್ಯ ನಾಲ್ಕು ಪುಟ, 23 ಅಂಶ. ಬಲ ಒಂದೇ ಸಾಲು: "ಓದಲು ಇಷ್ಟ." ದೌರ್ಬಲ್ಯದ 17ನೇ ಅಂಶ ಓದಿ ನನಗೆ ನಗು ತಡೆಯಲಾಗಲಿಲ್ಲ. 1883ರಲ್ಲಿ ಟಾಗೋರರು ಇದೇ ಕಾರವಾರದಲ್ಲಿದ್ದು 22ನೇ ವಯಸ್ಸಿಗೆ ನಾಟಕ ಬರೆದರು, ತನಗೂ 22 ಆಯಿತು ಎಂದಿತ್ತು. ಅವರು ಆಗ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿದ್ದರು, ಕೊಟ್ಟಿಗೆ ಕೆಲಸ ಮುಗಿಸಿ ಏಳರ ಬಸ್ಸಿಗೆ ಓಡಬೇಕಿರಲಿಲ್ಲ ಎಂದೆ. ಅವಳೂ ನಕ್ಕಳು.

ಆಮೇಲೆ ಪ್ರತಿ ಅಂಶದ ಎದುರು ಎರಡು ಪ್ರಶ್ನೆ ಬರೆಸಿದೆ. ಇದನ್ನು ಮೊದಲು ಹೇಳಿದವರು ಯಾರು? ನಿನ್ನ ಕಥೆಯ ಯಾವ ಸಾಲಿನಲ್ಲಿ ಇದು ಕಾಣುತ್ತದೆ? 19 ಅಂಶಗಳಿಗೆ ಸಾಲು ಸಿಗಲೇ ಇಲ್ಲ. "ಆಳವಿಲ್ಲ" ಎಂಬುದು ಸಹಪಾಠಿಯ ಮಾತು. "ಉಪಯೋಗಕ್ಕೆ ಬಾರದ ಹುಚ್ಚು" ಅಪ್ಪನದು. "ಭಾಷೆ ಹಳ್ಳಿಯದು" ಎಂದು ಒಬ್ಬ ಉಪನ್ಯಾಸಕರು ತರಗತಿಯನ್ನೆಲ್ಲ ನಗಿಸಿದ್ದರಂತೆ. ಸಾಲು ತೋರಿಸಲಾಗದ ದೌರ್ಬಲ್ಯವನ್ನು ತಿದ್ದಲೂ ಆಗದು. ಅದು ಬೈಗುಳ, ಹೊಡೆದುಹಾಕು ಎಂದೆ. "ಓದಲು ಇಷ್ಟ" ಎಂಬುದನ್ನೂ ಅದೇ ಲೆಕ್ಕದಲ್ಲಿ ಹೊಡೆಸಿದೆ. ಬದಲಿಗೆ ಸಿಕ್ಕಿದ್ದು ಗಜನಿ ಗದ್ದೆಯ, ಅಂದರೆ ಹೊಳೆ ಕಡಲು ಸೇರುವಲ್ಲಿನ ಉಪ್ಪುನೀರಿನ ಗದ್ದೆಯ, ಕಥೆಯ ಮೂರನೇ ಪುಟ. ಕಟ್ಟೆಗೆ ಮಣ್ಣು ಹೊರುವ ಹೆಂಗಸರು ಅಲ್ಲಿ ಮಾತಾಡುತ್ತಾರೆ. ಯಾರ ಮಾತು ಯಾವುದು ಎಂದು ಹೆಸರಿಲ್ಲದೆಯೇ ತಿಳಿಯುತ್ತದೆ, ಅದೂ ಆ ಹಳ್ಳಿ ಭಾಷೆಯಿಂದಲೇ.

ಮುಂದೆ ನಾನೊಂದು ತಪ್ಪು ಮಾಡಿದೆ. ಆ ಕಥೆಯಲ್ಲಿ ಅಣ್ಣನಿಗೆ ಉಪ್ಪುನೀರು ತಾಳುವ ಕಗ್ಗ ಭತ್ತವೇ ಬೇಕು. ತಮ್ಮನಿಗೆ ವರ್ಷವಿಡೀ ಉಪ್ಪುನೀರು ನಿಲ್ಲಿಸಿ ಸಿಗಡಿ ಸಾಕಬೇಕು. ಕೊಯ್ಲಿಗೆ ಮುಂಚೆ ಯಾರೋ ಕಟ್ಟೆಯ ಬಾಗಿಲಿನ ಹಲಗೆ ಎತ್ತಿ ಗದ್ದೆಗೆ ಉಪ್ಪುನೀರು ನುಗ್ಗಿಸಿಬಿಡುತ್ತಾರೆ. ಅಣ್ಣ ತಮ್ಮ ಕಟ್ಟೆಯ ಮೇಲೆ ಎದುರಾಗುತ್ತಾರೆ, ಅಣ್ಣ ಬಾಯಿ ತೆರೆಯುತ್ತಾನೆ, ಸೂರ್ಯ ಮುಳುಗುತ್ತಾನೆ, ಕಥೆ ಮುಗಿಯುತ್ತದೆ. ನಾಲ್ಕರಲ್ಲಿ ಮೂರು ಕಥೆಗಳು ಹೀಗೆಯೇ. (ನಮ್ಮ ಕರಾವಳಿಯಲ್ಲಿ ಸೂರ್ಯಾಸ್ತ ಪುಕ್ಕಟೆ ಸಿಗುತ್ತದೆ, ಅವಳೊಬ್ಬಳನ್ನೇ ದೂರುವಂತಿಲ್ಲ.) ಇದನ್ನು ತೋರಿಸಿ ಸುಮ್ಮನಾಗಬೇಕಿತ್ತು. "ಮನೆಯಲ್ಲಿ ಜಗಳವಾದಾಗ ನೀನು ಎಲ್ಲಿರುತ್ತಿದ್ದೆ?" ಎಂದು ಕೇಳಿಬಿಟ್ಟೆ. ಅವಳು ಚೀಲ ಎತ್ತಿಕೊಂಡು ಹೊರಟಳು, ಮರುವಾರ ಬರಲಿಲ್ಲ. ಪ್ರಶ್ನೆ ಸರಿಯಿತ್ತು, ಹೊತ್ತು ಸರಿಯಿರಲಿಲ್ಲ. ಅವಸರ ಮಾಡಿದೆ, ತಪ್ಪಾಯಿತು ಎಂದು ಸಂದೇಶ ಕಳಿಸಿದೆ.

ಹದಿನೈದು ದಿನ ಬಿಟ್ಟು ಬಂದಳು. "ಅಕ್ಕೋರೇ, ಹಿತ್ತಲಿನಲ್ಲಿ ಇರುತ್ತಿದ್ದೆ. ಬಾವಿಕಟ್ಟೆಯ ಮೇಲೆ" ಎಂದಳು. ಉಳಿದದ್ದನ್ನು ಇಲ್ಲಿ ಬರೆಯುವುದಿಲ್ಲ.

ಕೊಟ್ಟ ಸಲಹೆ ಇಷ್ಟು. ಟಿಪ್ಪಣಿಯನ್ನು ರಾತ್ರಿ ಬರೆಯಕೂಡದು. ದಿನಕ್ಕೆ ಹತ್ತು ನಿಮಿಷ ಅಣ್ಣ ತಮ್ಮಂದಿರ ಜಗಳವನ್ನು ಮಾತ್ರ ಬರೆಯಬೇಕು. ಆಕಾಶ, ಹೊಳೆ, ಬೆಳಕು ಯಾವುದೂ ಬೇಡ, ಬರಿಯ ಮಾತು. ಎದೆ ಹೊಡೆದುಕೊಂಡರೆ ಅರ್ಧಕ್ಕೇ ನಿಲ್ಲಿಸಬೇಕು. ಹಾಳೆ ಹರಿದರೂ ಅಡ್ಡಿಯಿಲ್ಲ. ಓದಲು ಕೊಡುವುದಾದರೆ ಒಬ್ಬರಿಗೇ ಕೊಡಬೇಕು. "ಹೇಗಿದೆ?" ಎಂದು ಕೇಳಿದರೆ ಹೊಗಳಿಕೆ ಬರುತ್ತದೆ, ಇಲ್ಲವೇ ಏಟು ಬೀಳುತ್ತದೆ, "ಇದು ಅಣ್ಣ ಆಡುವ ಮಾತೇ ಅನಿಸುತ್ತದೆಯೇ?" ಎಂದು ಕೇಳಬೇಕು. ಕಥೆ ಚೆನ್ನಾಗಿದೆಯೇ ಎಂದು ನನ್ನನ್ನೂ ಕೇಳಿದಳು. ಅದು ನನ್ನ ಕೆಲಸವಲ್ಲ ಎಂದೆ. ಅವಳಿಗೆ ಬೇಸರವಾಯಿತು, ಆಗಲಿ.

ಕೊನೆಗೆ ಟಿಪ್ಪಣಿ ಒಂದೂವರೆ ಪುಟಕ್ಕೆ ಮುಗಿಯಿತು. ದೌರ್ಬಲ್ಯದ ಕೆಳಗೆ ಮೊದಲ ಸಾಲು: "ಪಾತ್ರಗಳು ಜಗಳಕ್ಕೆ ನಿಂತಾಗ ನಾನು ಎದ್ದು ಹೋಗುತ್ತೇನೆ. ಮೂರು ಕಥೆಗಳ ಕೊನೆಯ ಪುಟ ನೋಡಿ." ಅಂಕ ಎಷ್ಟು ಬಂತೆಂದು ನಾನು ಕೇಳಲಿಲ್ಲ. ನಿದ್ದೆ ಈಗ ಐದಾರು ಗಂಟೆ ಬರುತ್ತಿದೆ. ಅಪ್ಪನ ಮಾತು ಹಾಗೆಯೇ ಇದೆ. ತಿಂಗಳಿಗೊಮ್ಮೆ ಬಂದರೆ ಸಾಕು ಎಂದು ಹೇಳಿದ್ದೇನೆ.

ಹೋದ ತಿಂಗಳು ಗಜನಿಯ ಕಥೆಯನ್ನು ಮತ್ತೆ ಬರೆದು ತಂದಿದ್ದಳು. ಮುಕ್ತಾಯ ಇನ್ನೂ ಸಿಕ್ಕಿಲ್ಲವಂತೆ. ಆದರೆ ಅಣ್ಣ ತಮ್ಮ ಕಟ್ಟೆಯ ಮೇಲೆ ಎದುರಾಗುವುದು ಈ ಸಲ ಮಧ್ಯಾಹ್ನ ಹನ್ನೆರಡು ಗಂಟೆಗೆ.