ಎಸ್ಕೇಪ್ ರೂಮ್ ಕಾರ್ಡ್ ಆಟದಲ್ಲಿ ಇಬ್ಬರೇ ಆಡಿ ಉಳಿದವರು ಸುಮ್ಮನೆ ಕೂರುತ್ತಾರೆ, ಏನು ಮಾಡಲಿ?

ಒಗಟು ಬಿಡಿಸುತ್ತ ಬೀಗ ಹಾಕಿದ ಕೋಣೆಯಿಂದ ಹೊರಬರುವ ಎಸ್ಕೇಪ್ ರೂಮ್ ಆಟವನ್ನು ಕಾರ್ಡುಗಳಲ್ಲಿ ಆಡುವ ಇಂಥ ಆಟವನ್ನು ನಾಲ್ವರು ಕೂತು ಮೊದಲ ಸಲ ಆಡಿದಿರಿ, ಒಗಟೆಲ್ಲ ಇಬ್ಬರೇ ಬಿಡಿಸಿದರು, ಉಳಿದಿಬ್ಬರು ಅರ್ಧಕ್ಕೇ ಮೊಬೈಲ್ ಹಿಡಿದರು ಎಂದು ಬರೆದಿದ್ದೀರಿ. ತಪ್ಪು ಆಟದ್ದೋ ನಮ್ಮದೋ, ಇನ್ನೊಂದು ಕೊಳ್ಳುವುದಾದರೆ ಯಾವುದು ಎಂಬುದು ನಿಮ್ಮ ಪ್ರಶ್ನೆ. ಮೊಬೈಲ್ ಹಿಡಿದವರಿಗೆ ಆಸಕ್ತಿ ಇರಲಿಲ್ಲ ಎಂದುಕೊಳ್ಳಬೇಡಿ. ಆ ಹೊತ್ತಿನಲ್ಲಿ ಕಾರ್ಡುಗಳು ಯಾರ ಕೈಯಲ್ಲಿದ್ದವು ಎಂದು ನೆನಪಿಸಿಕೊಳ್ಳಿ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ನಾನು, ಹೆಂಡತಿ, ತಂಗಿ, ಅಮ್ಮ ಆಡಲು ಕೂತೆವು. ಹೊಸ ಕಾರ್ಡ್ ಬಂದ ಕೂಡಲೇ ನಾನೇ ಎತ್ತಿಕೊಳ್ಳುತ್ತಿದ್ದೆ, ಓದಿ ನನ್ನ ಮುಂದೆಯೇ ಜೋಡಿಸಿಡುತ್ತಿದ್ದೆ. ಒಂದು ಚಿತ್ರದಲ್ಲಿ ಅಡಗಿದ್ದ ಸಂಖ್ಯೆ ಕಾಣದೆ ಸುಮಾರು ಹತ್ತು ನಿಮಿಷ ಒದ್ದಾಡಿದೆವು. ಕೊನೆಗೆ ಅಮ್ಮ, "ಅದನ್ನ ನಾನು ಆಗಲೇ ನೋಡಿದ್ದೆ, ಹೇಳೋಷ್ಟರಲ್ಲಿ ನೀನು ಕಾರ್ಡ್ ಎತ್ತಿಕೊಂಡುಬಿಟ್ಟೆ" ಅಂದರು. ಆ ಮಾತು ನನಗೆ ತುಂಬ ನಾಟಿತು. ಆಮೇಲೆ ನಾವು ಆಡುವ ರೀತಿಯನ್ನೇ ಬದಲಿಸಿದೆವು.

ನಿಜವಾದ ಎಸ್ಕೇಪ್ ರೂಮಿನಲ್ಲಿ ಈ ತೊಂದರೆ ಕಡಿಮೆ. 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಕಾವೊ ಕಾಟೊ ಶುರುಮಾಡಿದ ಈ ಬಗೆಯ ಆಟದಲ್ಲಿ ಸುಳಿವುಗಳು ಕೋಣೆಯ ತುಂಬ ಹರಡಿರುತ್ತವೆ. ಒಬ್ಬರು ಕಪಾಟು ತಡಕುವಾಗ ಇನ್ನೊಬ್ಬರು ಗೋಡೆ ನೋಡುತ್ತಿರುತ್ತಾರೆ. ಒಬ್ಬರೇ ಎಲ್ಲ ಕಡೆ ಇರಲು ಆಗುವುದಿಲ್ಲ, ಹಾಗಾಗಿ ಕೆಲಸ ತಾನಾಗಿಯೇ ಹಂಚಿಹೋಗುತ್ತದೆ. ಅದೇ ಕೋಣೆ ಅರವತ್ತು ಕಾರ್ಡುಗಳಾಗಿ ಮೇಜಿಗೆ ಬಂದಾಗ ಎರಡು ಕೈಗೆ ಎಲ್ಲವೂ ಎಟುಕುತ್ತದೆ. ಹಂಚಿಕೆಯನ್ನು ನಾವೇ ಮಾಡಿಕೊಳ್ಳಬೇಕು.

ಮೊದಲಿಗೆ ಕೂರುವ ಜಾಗ. ಎದುರು ಬದುರು ಕೂತರೆ ಎದುರಿನವರಿಗೆ ಪ್ರತಿ ಚಿತ್ರವೂ ತಲೆಕೆಳಗು. ಚಿತ್ರದ ಮೂಲೆಯಲ್ಲಿ ಅಡಗಿಸಿಟ್ಟ ಪುಟ್ಟ ಅಂಕಿಯನ್ನು ಹುಡುಕುವ ಆಟದಲ್ಲಿ ಅವರು ಸೋತೇ ಶುರುಮಾಡಿದಂತೆ. ಮೇಜಿನ ಒಂದೇ ಬದಿಗೆ, ಇಲ್ಲವೇ ನೆಲದ ಮೇಲೆ ಅರ್ಧವೃತ್ತವಾಗಿ ಕೂರಿ. ಎರಡನೆಯದು, ಹೊಸ ಕಾರ್ಡನ್ನು ಸರದಿಯ ಪ್ರಕಾರ ಒಬ್ಬೊಬ್ಬರು ತೆಗೆಯಲಿ. ತೆಗೆದವರೇ ಗಟ್ಟಿಯಾಗಿ ಓದಲಿ, ಚಿತ್ರದಲ್ಲಿ ಕಂಡದ್ದನ್ನು ಬಾಯಲ್ಲಿ ಹೇಳಲಿ, ಆ ಕಾರ್ಡ್ ಅವರ ಹತ್ತಿರವೇ ಇರಲಿ. ಬೇರೆಯವರಿಗೆ ಬೇಕಾದರೆ ಕೇಳಿ ಪಡೆಯಬೇಕು. ಇಷ್ಟು ಮಾಡಿದ್ದಕ್ಕೇ ನಮ್ಮ ಮನೆಯಲ್ಲಿ ಆಟದ ಬಣ್ಣ ಬದಲಾಯಿತು, ಯಾಕೆಂದರೆ "ನಿನ್ನ ಹತ್ತಿರ ಇರೋ ಬೀಗದ ಚಿತ್ರದಲ್ಲಿ ಎಷ್ಟು ತೂತು ಇದೆ ನೋಡು" ಎಂದು ಕೇಳುವ ಪ್ರಸಂಗ ಬಂದೇ ಬರುತ್ತದೆ. ಪ್ರತಿಯೊಬ್ಬರಿಗೂ ಒಂದು ಹಾಳೆ, ಒಂದು ಪೆನ್ಸಿಲ್ ಕೊಡಿ. ಒಂದೇ ಹಾಳೆ ಇದ್ದರೆ ಅದನ್ನು ಹಿಡಿದವರೇ ಮುಂದಾಳಾಗಿಬಿಡುತ್ತಾರೆ.

ಸುಳಿವು ಕೇಳುವುದರಲ್ಲಿ ಬಿಗುಮಾನ ಬೇಡ. ಐದು ನಿಮಿಷ ಯಾರಿಗೂ ಹೊಸದೇನೂ ಹೊಳೆಯದಿದ್ದರೆ ಸುಳಿವು ತೆಗೆಯುವುದು, ಅದನ್ನು ಯಾರು ಬೇಕಾದರೂ ಕೇಳಬಹುದು ಎಂದು ಮೊದಲೇ ಮಾತಾಡಿಕೊಳ್ಳಿ. ಬೇಸರ ಹುಟ್ಟುವುದು ಒಗಟು ಕಷ್ಟವಾದಾಗಲ್ಲ, ಎಲ್ಲರೂ ಬಾಯಿಮುಚ್ಚಿ ಅದೇ ಕಾರ್ಡನ್ನು ದಿಟ್ಟಿಸುತ್ತ ಕೂತಾಗ.

ಇನ್ನು ಯಾವುದನ್ನು ಕೊಳ್ಳಬೇಕು ಎಂಬುದು. ನಾನು ಆಡಿರುವುದು ಮೂರು ಸರಣಿ, ಅದರ ಬಗ್ಗೆ ಮಾತ್ರ ಹೇಳುತ್ತೇನೆ.

2017ರಲ್ಲಿ ಬಂದ ಅನ್‌ಲಾಕ್‌ನಲ್ಲಿ ಕಾರ್ಡುಗಳ ಮೇಲೆ ಕೆಂಪು, ನೀಲಿ ಸಂಖ್ಯೆಗಳಿರುತ್ತವೆ. ಒಂದಕ್ಕೊಂದು ಹೊಂದುವ ವಸ್ತುಗಳ ಸಂಖ್ಯೆ ಕೂಡಬೇಕು. ಕೆಂಪು 12, ನೀಲಿ 23 ಸೇರಿದರೆ 35ನೇ ಕಾರ್ಡ್ ತೆಗೆಯುತ್ತೀರಿ, ಹೊಂದಾಣಿಕೆ ತಪ್ಪಾದರೆ ದಂಡ. ಸಮಯ, ಸುಳಿವು, ಗುಪ್ತಸಂಖ್ಯೆ ಎಲ್ಲವೂ ಮೊಬೈಲ್ ಆ್ಯಪ್‌ನಲ್ಲಿ, ಸಾಮಾನ್ಯವಾಗಿ 60 ನಿಮಿಷ. ಕಥೆಯ ಸೊಗಸು ಇದರಲ್ಲಿ ಹೆಚ್ಚು ಎಂಬುದು ನನ್ನ ಅನಿಸಿಕೆ. ಆದರೆ ಗಡಿಯಾರ ಓಡುತ್ತಿದ್ದಂತೆ ಚುರುಕಾದವರು ಕಾರ್ಡ್ ಕಸಿದುಕೊಳ್ಳುತ್ತಾರೆ. ಇಬ್ಬರು ಮೂವರಿದ್ದರೆ ಚೆನ್ನ, ನಿಮ್ಮ ಈಗಿನ ಸ್ಥಿತಿಗೆ ಇದು ಮೊದಲ ಆಯ್ಕೆಯಲ್ಲ.

ಡೆಕ್‌ಸ್ಕೇಪ್ ಸರಳ. ಆ್ಯಪ್ ಬೇಡ. ಕಾರ್ಡುಗಳು ಕ್ರಮವಾಗಿ ಬರುತ್ತವೆ, ಉತ್ತರ ತೀರ್ಮಾನಿಸಿ ಕಾರ್ಡ್ ತಿರುಗಿಸಿ ನೋಡುವುದು, ತಪ್ಪಿದರೆ ಗುರುತು ಹಾಕಿಕೊಳ್ಳುವುದು. ನಡುವೆ ಕಟ್ಟು ಹಲವು ಚಿಕ್ಕ ಕಟ್ಟುಗಳಾಗಿ ಒಡೆಯುವ ಘಟ್ಟಗಳಿವೆ. ಆಗ ಇಬ್ಬರು ಇದನ್ನು, ಇಬ್ಬರು ಅದನ್ನು ಎಂದು ಹಂಚಿಕೊಳ್ಳಬಹುದು.

ನಿಮಗೆ ನಾನು ಹೇಳುವುದು ಎಕ್ಸಿಟ್. ಇಂಕಾ ಮತ್ತು ಮಾರ್ಕುಸ್ ಬ್ರಾಂಡ್ ದಂಪತಿ ರೂಪಿಸಿದ ಈ ಸರಣಿಗೆ 2017ರಲ್ಲಿ ಮೇಜಿನ ಆಟಗಳಿಗೆ ಕೊಡುವ ಜರ್ಮನಿಯ ಕೆನರ್‌ಶ್ಪೀಲ್ ಪ್ರಶಸ್ತಿ ಬಂತು. ಇದರಲ್ಲಿ ಕಾರ್ಡುಗಳ ಜೊತೆ ಒಂದು ಕಿರುಪುಸ್ತಕ ಮತ್ತು ತಿರುಗಿಸುವ ಚಕ್ರವಿದೆ. ಮೂರು ಅಂಕಿಯ ಉತ್ತರವನ್ನು ಚಕ್ರದಲ್ಲಿ ಹೊಂದಿಸಿದರೆ ಯಾವ ಕಾರ್ಡ್ ನೋಡಬೇಕೆಂದು ತಿಳಿಯುತ್ತದೆ. ಒಬ್ಬರಿಗೆ ಪುಸ್ತಕ, ಒಬ್ಬರಿಗೆ ಚಕ್ರ, ಉಳಿದಿಬ್ಬರಿಗೆ ಕಾರ್ಡುಗಳು ಎಂದಾಗ ನಾಲ್ವರ ಕೈಯಲ್ಲೂ ಏನಾದರೂ ಇರುತ್ತದೆ. ಇಂತಿಷ್ಟೇ ಹೊತ್ತು ಎಂಬ ಗಡುವೂ ಇಲ್ಲ. ತೆಗೆದುಕೊಂಡ ಸಮಯ ಮತ್ತು ಸುಳಿವುಗಳನ್ನು ಎಣಿಸಿ ಕೊನೆಯಲ್ಲಿ ನಕ್ಷತ್ರ ಕೊಡುತ್ತಾರೆ, ಅಷ್ಟೇ. ಒಂದು ಎಚ್ಚರಿಕೆ: ಇದರಲ್ಲಿ ಕತ್ತರಿಸುವುದು, ಮಡಚುವುದು, ಬರೆಯುವುದು ಎಲ್ಲ ಇದೆ, ಒಮ್ಮೆ ಆಡಿದರೆ ಮುಗಿಯಿತು. ಉಳಿದೆರಡನ್ನು ಮತ್ತೆ ಜೋಡಿಸಿ ಗೆಳೆಯರಿಗೆ ಕೊಡಬಹುದು, ಇದನ್ನು ಆಗುವುದಿಲ್ಲ. ಆ ಖರ್ಚು ನನಗೆ ಭಾರ ಅನಿಸಿಲ್ಲ, ಕತ್ತರಿ ಹಿಡಿದಾಗ ಎಲ್ಲರೂ ಮೇಜಿನತ್ತ ಬಗ್ಗುತ್ತಾರೆ.

ಪೆಟ್ಟಿಗೆಯ ಮೇಲೆ ಎಷ್ಟು ಕಷ್ಟ ಎಂದು ಬರೆದಿರುತ್ತದೆ, ಸುಲಭದ್ದನ್ನೇ ಆರಿಸಿ. ಕಳೆದ ಸಲ ಸುಮ್ಮನೆ ಕೂತ ಇಬ್ಬರಲ್ಲಿ ಒಬ್ಬರಿಗೆ ಚಕ್ರ, ಇನ್ನೊಬ್ಬರಿಗೆ ಪುಸ್ತಕ ಕೊಟ್ಟು ಶುರುಮಾಡಿ.